ಅಂಗೈಯಗಲದ ಅರಸುತನ

ತಮ್ಮ ಹೆಸರು ಉಳಿಯಬೇಕೆಂದು ದೊರೆಗಳು ಶಾಸನಗಳನ್ನು ಕೆತ್ತಿಸಿದರು, ಅರಮನೆಗಳನ್ನು ಎತ್ತಿಸಿದರು. ಹದಿನೈದನೆಯ ಶತಮಾನದ ಇಟಲಿಯಲ್ಲಿ ಅವರಿಗೆ ಇನ್ನೊಂದು ಸಾಧನ ದೊರೆಯಿತು. ಅಂಗೈಯಲ್ಲಿ ಹಿಡಿಯಬಹುದಾದ ಲೋಹದ ಪದಕ. ಇದು ಅರಸರನ್ನು ಹೇಗೆ ತೋರಿಸುತ್ತದೆ, ಏನನ್ನು ಮರೆಯಿಸುತ್ತದೆ ಎಂಬುದನ್ನು ಈ ಹೊತ್ತು ಕೊಂಚ ವಿಚಾರಮಾಡೋಣ.

ಪದಕವು ನಾಣ್ಯವಲ್ಲ, ಅದು ಪೇಟೆಯಲ್ಲಿ ಸಲ್ಲುವುದಿಲ್ಲ. ಪ್ರಾಚೀನ ರೋಮಿನ ನಾಣ್ಯಗಳನ್ನು ಆದರದಿಂದ ಕೂಡಿಡುತ್ತಿದ್ದ ಪ್ರಭುಗಳು, ಆ ಚಕ್ರವರ್ತಿಗಳಂತೆಯೇ ತಮ್ಮ ಮುಖವನ್ನೂ ಲೋಹದಲ್ಲಿ ಕಾಣಬಯಸಿದರು. ಶಿಲ್ಪಿಯು ಮೇಣದಲ್ಲಿ ಉಬ್ಬುಚಿತ್ರವನ್ನು ತಿದ್ದಿ, ಅದರಿಂದ ಅಚ್ಚು ತೆಗೆದು, ಕಂಚನ್ನೋ ಸೀಸವನ್ನೋ ಎರಕ ಹೊಯ್ಯುತ್ತಿದ್ದನು. ಒಂದು ಮಗ್ಗುಲಲ್ಲಿ ಪಾರ್ಶ್ವಮುಖ, ಸುತ್ತಲೂ ಹೆಸರು ಬಿರುದುಗಳು. ಇನ್ನೊಂದು ಮಗ್ಗುಲಲ್ಲಿ ಒಂದು ಸಂಕೇತ. ಹೀಗೆ ಸಿದ್ಧವಾದ ಪ್ರತಿಗಳು ಮಿತ್ರರಿಗೂ ಅನ್ಯ ಆಸ್ಥಾನಗಳಿಗೂ ಉಡುಗೊರೆಯಾಗಿ ಹೋಗುತ್ತಿದ್ದುವು.

ಈ ಕಲೆಗೆ ಮೊದಲಿಗನೆನಿಸಿದವನು ಪಿಸಾನೆಲ್ಲೊ ಎಂಬ ಚಿತ್ರಕಾರ. 1438ರಲ್ಲಿ ಕಾನ್‌ಸ್ಟಾಂಟಿನೋಪಲಿನ ಚಕ್ರವರ್ತಿ ಎಂಟನೆಯ ಜಾನ್ ಪೇಲಿಯೊಲೋಗಸನು ಧರ್ಮಸಭೆಗಾಗಿ ಫೆರಾರ ನಗರಕ್ಕೆ ಬಂದನು. ಪಿಸಾನೆಲ್ಲೊ ಆಗ ರಚಿಸಿದ ಪದಕದ ಅಗಲ ಸುಮಾರು ನಾಲ್ಕು ಅಂಗುಲ. ಎತ್ತರವಾದ ಟೊಪ್ಪಿಗೆ, ಮುಂದಕ್ಕೆ ಚಾಚಿದ ಅದರ ಚೂಪಾದ ಅಂಚು, ಮೊನೆಯಾದ ಗಡ್ಡ, ಗಂಭೀರವಾದ ನೋಟ. ಸುತ್ತಲೂ ಗ್ರೀಕ್ ಲಿಪಿಯಲ್ಲಿ ರೋಮನರ ಚಕ್ರವರ್ತಿಯೆಂಬ ಬಿರುದು. ಹಿಂಬದಿಯಲ್ಲಿ ಅವನು ಕುದುರೆಯ ಮೇಲೆ ಕುಳಿತು, ದಾರಿಯ ಬದಿಯ ಶಿಲುಬೆಗೆ ಕೈಮುಗಿಯುತ್ತಾನೆ.

ಈ ಮುಖವನ್ನು ನೋಡಿದವರಿಗೆ, ಇವನು ತುರ್ಕರ ವಿರುದ್ಧ ಸಹಾಯ ಬೇಡಲು ಬಂದವನೆಂದು ತೋರಲಾರದು. ಆಗ ಅವನ ಸಾಮ್ರಾಜ್ಯವು ರಾಜಧಾನಿಯ ಸುತ್ತಣ ನೆಲಕ್ಕೂ ಕೆಲವು ತುಂಡು ಪ್ರದೇಶಗಳಿಗೂ ಇಳಿದಿದ್ದಿತು. ಅವನು 1448ರಲ್ಲಿ ತೀರಿಕೊಂಡನು. 1453ರಲ್ಲಿ ಕಾನ್‌ಸ್ಟಾಂಟಿನೋಪಲೇ ಬಿದ್ದಿತು.

ಫೆರಾರದ ಪ್ರಭು ಲಿಯೊನೆಲ್ಲೊನ ವಿವಾಹದ ಪದಕವು 1444ರದು. ಅವನ ಹೆಸರಿಗೆ ಮರಿಸಿಂಹವೆಂದರ್ಥ. ಪದಕದ ಹಿಂಬದಿಯಲ್ಲಿ ಸಿಂಹಕ್ಕೆ ಮನ್ಮಥನು ಹಾಡು ಕಲಿಸುತ್ತಾನೆ! ಬಲವು ಒಲವಿಗೆ ಮಣಿಯಿತೆಂಬ ಈ ಚಮತ್ಕಾರವೂ ಬಲದ ಘೋಷಣೆಯೇ ಸರಿ. ರಿಮಿನಿಯ ಸಿಗಿಸ್ಮಂಡೊ ಮಲಟೆಸ್ಟನ ರೀತಿ ಬೇರೆ. ಅವನು ತನ್ನ ಪದಕದ ಮೇಲೆ ತನ್ನ ಕೋಟೆಯನ್ನೇ ಬರೆಯಿಸಿ, ತಾನು ಕಟ್ಟಿಸಿದ ಗೋಡೆಗಳೊಳಗೆ ಅಂಥ ಪದಕಗಳನ್ನು ಹುದುಗಿಸಿದನು. ಗೋಡೆ ಕುಸಿದರೂ ಹೆಸರು ಹೊರಬರಲೆಂಬುದು ಅವನ ಎಣಿಕೆಯಾಗಿದ್ದಿರಬೇಕು. 1462ರಲ್ಲಿ ಪೋಪನು ರೋಮಿನಲ್ಲಿ ಅವನ ಪ್ರತಿಕೃತಿಯನ್ನು ಸುಡಿಸಿದನು. ಪದಕಗಳಲ್ಲಾದರೋ ಅವನ ಮುಖವು ಇಂದಿಗೂ ನಿಶ್ಚಿಂತವಾಗಿದೆ.

ಹಾಗಾದರೆ ಪದಕಗಳು ಸುಳ್ಳಾಡುತ್ತವೆಯೆ? ಹಾಗೆನ್ನಲಾಗದು. ಅರಸನು ಹೇಗಿದ್ದನೆಂಬುದಕ್ಕಿಂತ, ಹೇಗೆ ಕಾಣಬೇಕೆಂದು ಬಯಸಿದನೆಂಬುದನ್ನು ಅವು ನಿಜವಾಗಿ ಹೇಳುತ್ತವೆ. ಅಷ್ಟನ್ನು ಅವುಗಳಿಂದ ಕೇಳಿ, ಉಳಿದುದನ್ನು ನಾವು ಚರಿತ್ರೆಯಿಂದ ಕೇಳಬೇಕು.

ಕೊನೆಗೊಂದು ಮಾತು. ಜಾನ್ ಚಕ್ರವರ್ತಿಯ ಪದಕದ ಹಿಂಬದಿಯಲ್ಲಿ, ಇದು ಚಿತ್ರಕಾರ ಪಿಸಾನನ ಕೃತಿಯೆಂದು ಲ್ಯಾಟಿನ್ ಮತ್ತು ಗ್ರೀಕ್ ಭಾಷೆಗಳೆರಡರಲ್ಲಿಯೂ ಬರೆದಿದೆ. ಸಾಮ್ರಾಜ್ಯವು ಅಳಿಯಿತು, ದೊರೆಯ ಹೆಸರಿನೊಡನೆ ಕೆಲಸಗಾರನ ಹೆಸರೂ ಅದೇ ಲೋಹದಲ್ಲಿ ಉಳಿದುಬಂದಿತು.