"ವಾಪಸ್ ಯಾವಾಗ ಹೋಗ್ತೀರಿ?"

 

ನಾನು ಪಂಡಿತನಲ್ಲ, ರಸ್ತೆ, ಸೇತುವೆ ಕಟ್ಟಿಸಿ ನಿವೃತ್ತನಾದ ಇಂಜಿನಿಯರ್. 1988ರಲ್ಲಿ ಮುಂಡಗೋಡ ಭಾಗದಲ್ಲಿದ್ದೆ. ಟಿಬೆಟ್ ಬಿಟ್ಟು ಬಂದ ನಿರಾಶ್ರಿತರಿಗೆ ಆಗಿನ ಮೈಸೂರು ಸರ್ಕಾರ ಬೈಲುಕುಪ್ಪೆಯ ನಂತರ, 1966ರಲ್ಲಿ ಅಲ್ಲಿಯೂ ನೆಲೆ ಕೊಟ್ಟಿತ್ತು. ಅವರು ಕಾಡು ಕಡಿದು ಗೋವಿನಜೋಳ ಬೆಳೆದರು. ಡ್ರೆಪುಂಗ್, ಗಾಂಡೆನ್ ಎಂಬ ತಮ್ಮ ಮಠಗಳನ್ನು ಮತ್ತೆ ಕಟ್ಟಿಕೊಂಡರು.

ಮೋರಿ ಕೆಲಸ ನೋಡಲು ಹೋದಾಗ ಅಲ್ಲಿಯ ಹಿರಿಯರೊಬ್ಬರನ್ನು ಕೊಂಕಾಗಿ ಕೇಳಿದೆ: "ವಾಪಸ್ ಯಾವಾಗ ಹೋಗ್ತೀರಿ?" ಅವರು ಅಚ್ಚ ನಮ್ಮ ಸೀಮೆಯ ಕನ್ನಡದಲ್ಲಿ, "ದಾರಿ ಮುಚ್ಚೈತ್ರೀ ಸಾಹೇಬ್ರ. ತೆರಿಯೂತನಕ ಇದ ನಮ್ಮೂರು" ಅಂದು ಬೆಣ್ಣೆ ಹಾಕಿದ ಚಹಾ ಮುಂದಿಟ್ಟರು. ನಾನು ಕುಡಿಯಲಿಲ್ಲ. ಎದೆಯ ಮೇಲೆ ಇಷ್ಟಲಿಂಗವಿತ್ತು. ಎದೆಯೊಳಗೆ ಮಡಿ ಇತ್ತು.

ಇಪ್ಪತ್ತೈದು ವರ್ಷಗಳ ಮೇಲೆ ಮಗಳು ಇಂಗ್ಲೆಂಡಿಗೆ ಹೋದಳು. ಒಂದು ರಾತ್ರಿ ಫೋನಿನಲ್ಲಿ, "ಅಪ್ಪಾ, ಬಸ್ಸಿನಲ್ಲಿ ಒಬ್ಬ ನನ್ನ ಕೇಳಿದ, ವಾಪಸ್ ಯಾವಾಗ ಹೋಗ್ತೀಯ ಅಂತ" ಎಂದು ಅತ್ತಳು. ನನ್ನ ಪ್ರಶ್ನೆ ನನ್ನ ಮನೆಗೇ ಬಂದಿತ್ತು.

ಅದೇ ದೇಶದ ಲಂಡನ್ನಿನಲ್ಲಿ, ಥೇಮ್ಸ್ ದಂಡೆಯ ಮೇಲೆ, 2015ರ ನವೆಂಬರ್ 14ರಂದು ಬಸವಣ್ಣನವರ ಪ್ರತಿಮೆ ಅನಾವರಣಗೊಂಡಿತು. ಆ ಊರು ನಮ್ಮ ಅಣ್ಣನಿಗೆ ಜಾಗ ಕೊಟ್ಟಿತೆಂದು ನಾವೆಲ್ಲ ಹಿಗ್ಗಿದೆವು. ನಮ್ಮೂರಿಗೆ ಬಂದವರಿಗೆ ನಾವು ಎಷ್ಟು ಜಾಗ ಕೊಟ್ಟಿದ್ದೇವೆ?

ಮೋಳಿಗೆಯ ಮಾರಯ್ಯನವರು ಕಾಶ್ಮೀರದಿಂದ, ಆದಯ್ಯನವರು ಸೌರಾಷ್ಟ್ರದಿಂದ ಬಂದರೆಂದು ನಮ್ಮ ಪರಂಪರೆ ಹೇಳುತ್ತದೆ. ಶರಣರು ಅವರ ಹುಟ್ಟೂರು ನೋಡಿ ಅಳೆಯಲಿಲ್ಲ. ಅವರೂ ದೂರ ನಿಲ್ಲದೆ ಕನ್ನಡದಲ್ಲೇ ವಚನ ಬರೆದರು. ಗೌರವವೆಂದರೆ ಇದೇ: ಇದ್ದವರು ಜಾಗ ಬಿಡಬೇಕು, ಬಂದವರು ನೆಲದ ನುಡಿ ಕಲಿಯಬೇಕು. ಸೇತುವೆಗೆ ಎರಡೂ ದಂಡೆಯಲ್ಲಿ ಗಟ್ಟಿ ಬುನಾದಿ ಬೇಕು.

ಬಿಹಾರ, ಒಡಿಶಾದ ಹುಡುಗರು ಇಂದು ನಮ್ಮ ಊರುಗಳಲ್ಲಿ ಮನೆ ಕಟ್ಟುತ್ತಿದ್ದಾರೆ. ಅವರ ಹೆಸರು ಕೇಳೋಣ. ನಾಲ್ಕು ಕನ್ನಡ ಮಾತು ಕಲಿಸೋಣ. ಮಠದ ದಾಸೋಹಕ್ಕೆ ಕರೆತಂದು ನಮ್ಮದೇ ಪಂಕ್ತಿಯಲ್ಲಿ ಕೂರಿಸೋಣ. ಇನ್ನೊಂದು ಮಾತು, ಬೇಸರಿಸಬೇಡಿ: ಲಿಂಗ ಕಟ್ಟಿದವರ ಮನೆಯ ಸಂಬಂಧಕ್ಕೂ ಒಳಪಂಗಡ ಕೇಳುವುದನ್ನು ಬಿಡದೆ, ಪರದೇಶದವರು ನಮ್ಮನ್ನು ಸಮನಾಗಿ ಕಾಣಲಿ ಎಂದು ಯಾವ ಬಾಯಿಂದ ಕೇಳೋಣ?

ಆ ಹಿರಿಯರು ಈಗಿಲ್ಲ. ಅಂದು ಕುಡಿಯದೆ ಬಿಟ್ಟ ಚಹಾದ ಸಾಲ ನನ್ನ ಮೇಲಿದೆ.