ನಾಲ್ಕನೆಯ ಹೆಜ್ಜೆ ಏತಕ್ಕೆ?
(ವಿಜಯಪುರ ಜಿಲ್ಲೆಯ ಮಹಿಳಾ ಕಾರ್ಯಕರ್ತೆಯರ ಸಭೆಯಲ್ಲಿ ಮಾಡಿದ ಮಾತು)



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ, ನಾಲ್ಕೂ ಕಡೆಯಿಂದ ಬಸ್ಸು ಹಿಡಿದು ಬಂದಿದ್ದೀರಿ. ನಿಮ್ಮಲ್ಲಿ ಕೆಲವರ ಮಕ್ಕಳು ಶಾಲೆಯಲ್ಲೊ ಹಾಸ್ಟೆಲಿನಲ್ಲೊ ಕರಾಟೆ ಕಲಿತಿರಬಹುದು. ಸರಕಾರಿ ಶಾಲೆಗಳಲ್ಲಿ ರಾಣಿ ಲಕ್ಷ್ಮೀಬಾಯಿಯ ಹೆಸರಿನಲ್ಲಿ, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲುಗಳಲ್ಲಿ ಓಬವ್ವನ ಹೆಸರಿನಲ್ಲಿ ಈ ತರಬೇತಿ ನಡೆದಿದೆ. ಗರಡಿಮನೆಯ ಹೊಸ್ತಿಲು ತುಳಿಯಲು ಹೆಣ್ಣನ್ನು ಬಿಡದ ಊರುಗಳಲ್ಲಿ ಹುಡುಗಿಯರು ಬಯಲಲ್ಲಿ ನಿಂತು ಮುಷ್ಟಿ ಬಿಗಿಯುವುದು ಸಣ್ಣ ಮಾತಲ್ಲ. ಆದರೂ ನನ್ನದೊಂದು ತಕರಾರಿದೆ.

ಶಾಲೆಯ ಸಮಾರಂಭಗಳಲ್ಲಿ ನೋಡಿದ್ದೀರಿ. ಬಿಳಿ ಬಟ್ಟೆ, ನೆಟ್ಟಗಿನ ಸಾಲು, ಒಂದು ಎರಡು ಎಣಿಕೆ, ಕೊನೆಗೆ ಚಪ್ಪಾಳೆ. ಲೇಜಿಮ್ ಮುಗಿಯಿತು, ಇನ್ನು ಕರಾಟೆ. ಹೀಗೆ ಕ್ರಮವಾಗಿ ಮಾಡುವ ಹೆಜ್ಜೆಗಳ ಸರಣಿಗೆ ಕಟಾ ಎನ್ನುತ್ತಾರೆ. ಒಬ್ಬ ಹುಡುಗಿಯನ್ನು ಕೇಳಿದೆ: "ತಂಗಿ, ಆ ಕೈ ಹಿಂದಕ್ಕ ಎಳದು ಮ್ಯಾಲಿಂದ ಹೊಡೀತಿಯಲ್ಲ, ಅದು ಯಾಕ?" "ಅದು ನಾಕನೇ ಸ್ಟೆಪ್ ರೀ ಮೇಡಂ" ಎಂದಳು. ಅವಳಿಗೆ ಕಲಿಸಿದ್ದು ಅಷ್ಟೇ.

ಅವಳು ಮಾಡಿದ್ದು ಹೈಯಾನ್ ಶೋದಾನ್, ಹೊಸಬರ ಮೊದಲ ಕಟಾ. ಹೈಯಾನ್ ಎಂದರೆ ಶಾಂತಿ, ನೆಮ್ಮದಿ. ಓಕಿನಾವಾ ದ್ವೀಪದ ಅಂಕೋ ಇತೊಸು ಎಂಬ ಗುರು 1900ರ ದಶಕದಲ್ಲಿ ಶಾಲೆಯ ಮಕ್ಕಳಿಗೆಂದು ಈ ಐದು ಕಟಾಗಳನ್ನು ರೂಪಿಸಿದ. ಸಾಲಾಗಿ ನಿಲ್ಲಿಸಿ ಎಣಿಸಿ ಮಾಡಿಸುವ ಪದ್ಧತಿ ಶಾಲೆಯ ಕವಾಯತಿನೊಂದಿಗೇ ಬಂದದ್ದು. ಅದೇ ಇತೊಸು 1908ರಲ್ಲಿ ಬರೆದ ಪತ್ರದಲ್ಲಿ, ಪ್ರತಿ ಪಟ್ಟಿನ ವಿವರಣೆಯನ್ನೂ ಚೆನ್ನಾಗಿ ತಿಳಿಯಬೇಕು, ಅದನ್ನು ಯಾವಾಗ, ಹೇಗೆ ಬಳಸುವುದೆಂದು ನಿರ್ಧರಿಸಿಕೊಳ್ಳಬೇಕು ಎಂದು ಹೇಳಿದ್ದಾನೆ. ಎಣಿಕೆ ನಮ್ಮ ಬಯಲಿಗೆ ಬಂತು, ವಿವರಣೆ ಅಲ್ಲೇ ಉಳಿಯಿತು.

ಆ ನಾಲ್ಕನೆಯ ಹೆಜ್ಜೆಯನ್ನೇ ನೋಡಿ. ಯಾರೋ ನಿಮ್ಮ ಬಲ ಮಣಿಕಟ್ಟು ಹಿಡಿದಿದ್ದಾರೆ ಎಂದುಕೊಳ್ಳಿ. ಮುಂದಿದ್ದ ಕಾಲನ್ನು ಹಿಂದಕ್ಕೆ ಸರಿಸುತ್ತಲೇ ಇಡೀ ಮೈಭಾರ ಹಾಕಿ ಕೈಯನ್ನು ಎಳೆಯುತ್ತೀರಿ. ಹಿಡಿದವನ ಹೆಬ್ಬೆರಳಿಗೂ ಉಳಿದ ಬೆರಳುಗಳಿಗೂ ನಡುವಿನ ಸಂದಿನತ್ತ ಎಳೆಯಬೇಕು, ಹಿಡಿತ ಸಡಿಲವಾಗುವುದು ಅಲ್ಲೇ. ಬಿಡಿಸಿಕೊಂಡ ಕೈ ಸುತ್ತಿ ಬಂದು ಸುತ್ತಿಗೆಯಂತೆ ಬೀಳುತ್ತದೆ. ತೋಳಿನ ಬಲವಷ್ಟೇ ಸಾಲದು, ಕಾಲು ಸರಿಯಲೇಬೇಕು. ಕಾಲು ಏಕೆ ಸರಿಯುತ್ತದೆಂದು ತಿಳಿಯದ ಹುಡುಗಿ ಅದನ್ನು ಚಂದಕ್ಕಾಗಿ ಸರಿಸುತ್ತಾಳೆ, ಹಿಡಿತ ಬಿಡುವುದಿಲ್ಲ.

ಮಣಿಕಟ್ಟು ಹಿಡಿಯುವವರು ಯಾರು? ತರಬೇತಿಯಲ್ಲಿ ಯಾವಾಗಲೂ ಬಸ್‌ಸ್ಟ್ಯಾಂಡಿನ ಅಪರಿಚಿತ ಪುಂಡನೇ ಬರುತ್ತಾನೆ. ನಮ್ಮ ಮುಂದೆ ಬಂದು ಕೂತು ಅಳುವ ಹೆಣ್ಣುಮಕ್ಕಳ ಕೈ ತಿರುಚಿದವನು ಗಂಡ, ಜಡೆ ಹಿಡಿದವಳು ಅತ್ತೆ. ಅದು ನಡೆದದ್ದು ಅಡುಗೆಮನೆಯಲ್ಲಿ, ಒಲೆಯ ಪಕ್ಕದಲ್ಲಿ. ಅಲ್ಲಿ ಹೊಡೆದು ಗೆಲ್ಲುವ ಮಾತಿಲ್ಲ. ಬಿಡಿಸಿಕೊಳ್ಳಬೇಕು, ಒಲೆಯಿಂದ ದೂರ ಸರಿಯಬೇಕು, ಕೂಗುತ್ತಾ ಬಾಗಿಲು ದಾಟಬೇಕು. ಕಟಾದಲ್ಲಿ ಕೂಗೂ ಇದೆ, ಅದಕ್ಕೆ ಕಿಯಾಯ್ ಎನ್ನುತ್ತಾರೆ. ದನಿ ಎತ್ತಬೇಡ ಎಂದು ಬೆಳೆಸಿದ ನಮ್ಮ ಹುಡುಗಿಯರಿಗೆ ಒದೆಯುವುದಕ್ಕಿಂತ ಈ ಕೂಗೇ ಕಷ್ಟ.

ಕಟಾವನ್ನು ಒಬ್ಬಳೇ ಮಾಡಬಹುದು, ಚಾಪೆಯಷ್ಟು ಜಾಗ ಸಿಕ್ಕರೂ ಎರಡು ಮೂರು ಹೆಜ್ಜೆ ರೂಢಿಸಿಕೊಳ್ಳಬಹುದು. ಆದರೆ ಆಗಾಗ ಯಾರಾದರೂ ನಿಜವಾಗಿಯೇ ಹಿಡಿಯಬೇಕು. ತಾಯಂದಿರೇ ಹಿಡಿಯಿರಿ, ಬಿಗಿಯಾಗಿ ಹಿಡಿಯಿರಿ. ಮಗಳು ಬಿಡಿಸಿಕೊಂಡಾಗ ನಗಬೇಡಿ, ಇನ್ನೊಮ್ಮೆ ಹಿಡಿಯಿರಿ.

ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. "ನಿನಗ ಕರಾಟೆ ಬರ್ತಿತ್ತಲ್ಲ, ಯಾಕ ಸುಮ್ಮನ ಹೊಡಸ್ಕೊಂಡಿ?" ಎಂದು ಯಾವ ಹೆಣ್ಣನ್ನೂ ಕೇಳಬಾರದು. ಹೊಡೆದವನ ತಪ್ಪನ್ನು ಹೊಡೆಸಿಕೊಂಡವಳ ತಲೆಗೆ ಕಟ್ಟುವ ಜಾಣತನ ನಮ್ಮಲ್ಲಿ ಮೊದಲೇ ಬೇಕಾದಷ್ಟಿದೆ. ವರದಕ್ಷಿಣೆ ಕೊಟ್ಟು ಕಳಿಸಿ ಜೊತೆಗೆ ಕರಾಟೆಯನ್ನೂ ಕಲಿಸಿದೆವು ಎಂದರೆ ನಮ್ಮ ಜವಾಬ್ದಾರಿ ತೀರುವುದಿಲ್ಲ. ವರದಕ್ಷಿಣೆ ನಿಷೇಧ ಕಾಯ್ದೆಗೆ 1961ರಿಂದ ವಯಸ್ಸಾಗುತ್ತಲೇ ಇದೆ.

ಆದ್ದರಿಂದ ಬಾಗಿಲು ದಾಟಿದ ಮೇಲಿನ ಹೆಜ್ಜೆಗಳನ್ನೂ ಇದೇ ಪಾಠದಲ್ಲಿ ಸೇರಿಸಿ. 112ಕ್ಕೊ 181ಕ್ಕೊ ಫೋನು ಮಾಡುವುದು. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಂತೆ ಸಂರಕ್ಷಣಾಧಿಕಾರಿಗೆ ದೂರು ಕೊಡುವುದು. ಗಂಡನ ಮನೆಯಲ್ಲಿ ವಾಸಿಸುವ ಹಕ್ಕನ್ನು ಆ ಕಾಯ್ದೆ ಕೊಟ್ಟಿದೆ ಎಂದು ತಿಳಿಯುವುದು. 498ಎ ಈಗ, 2024ರ ಜುಲೈನಿಂದ, ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ ಆಗಿದೆ. ನಂಬರು ಬದಲಾಗಿದೆ, ಅಪರಾಧ ಅದೇ. ಜೀವ ಉಳಿಸಿಕೊಳ್ಳಲು ಕೈ ಎತ್ತುವ ಹಕ್ಕೂ ಅದೇ ಸಂಹಿತೆಯಲ್ಲಿದೆ.

ನಿಮ್ಮ ಊರಿನ ಶಾಲೆಗೆ ಕರಾಟೆ ಮಾಸ್ತರರು ಬಂದಾಗ ಹಿಂದಿನ ಬೆಂಚಿನಲ್ಲಿ ಹೋಗಿ ಕೂಡಿರಿ. ಪ್ರತಿ ಹೆಜ್ಜೆಗೂ "ಇದು ಯಾತಕ್ಕರೀ ಸರ?" ಎಂದು ಕೇಳಿರಿ. ಅವರು ತೋರಿಸುವಾಗ ಕೈ ಹಿಡಿಯಲು ಯಾರಾದರೂ ಬೇಕಾಗುತ್ತಾರೆ, ನೀವೇ ಎದ್ದು ಹೋಗಿರಿ.