ತಂಗಿಯ ಅಳತೆಗೋಲಿನಿಂದ ಅಣ್ಣನನ್ನು ಅಳೆಯದಿರೋಣ

(ಹೆತ್ತವರ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಮನೆಗೆ ನೆಂಟರು ಬಂದಾಗ ನಮ್ಮಲ್ಲಿ ಅನೇಕರು ಆಡುವ ಮಾತೊಂದಿದೆ: "ದೊಡ್ಡವನಿಗೆ ಎಷ್ಟು ಹೇಳಿದರೂ ತಲೆಗೆ ಹತ್ತುವುದಿಲ್ಲ, ಚಿಕ್ಕವಳಿಗೆ ಒಮ್ಮೆ ಹೇಳಿದರೆ ಸಾಕು." ಈ ಮಾತು ಇಬ್ಬರನ್ನೂ ಗಾಯಗೊಳಿಸುತ್ತದೆ. ಬಾಗಿಲ ಮರೆಯಲ್ಲಿ ನಿಂತ ದೊಡ್ಡವನು ಅದನ್ನು ಕೇಳಿಸಿಕೊಂಡಿರುತ್ತಾನೆ. ಅಣ್ಣ ಹಿಂದೆ ಬಿದ್ದರೆ ಮಾತ್ರ ತನಗೆ ಪ್ರೀತಿ ದೊರೆಯುತ್ತದೆಂಬ ತಪ್ಪು ಪಾಠವನ್ನು ಚಿಕ್ಕವಳು ಕಲಿಯುತ್ತಾಳೆ.

ಇದು ನಮ್ಮದೇ ಅನುಭವ. ನಮ್ಮ ತಮ್ಮ ನಮಗಿಂತ ಎರಡು ವರ್ಷ ಕಿರಿಯ. ಆದರೂ ಮದ್ರಸದಲ್ಲಿ ಕುರ್‌ಆನ್ ಪಾರಾಯಣವನ್ನು ನಮಗಿಂತ ಮೊದಲೇ ಪೂರ್ತಿಗೊಳಿಸಿದ. ಅಂದು ನೆರೆಹೊರೆಗೆ ಸಿಹಿ ಹಂಚಲಾಯಿತು. ತಟ್ಟೆ ನಮ್ಮ ಕೈಯಲ್ಲಿತ್ತು. ಪ್ರತಿ ಮನೆಯಲ್ಲೂ ಒಂದೇ ಪ್ರಶ್ನೆ: "ನಿನ್ನದು ಯಾವಾಗ?" ಮರುದಿನದಿಂದ ಮದ್ರಸದ ಹೊತ್ತಿಗೆ ಸರಿಯಾಗಿ ನಮಗೆ ಹೊಟ್ಟೆನೋವು ಆರಂಭವಾಯಿತು. ತಮ್ಮನ ಟೋಪಿಯನ್ನು ಅಡಗಿಸಿಟ್ಟು ಏಟು ತಿಂದದ್ದೂ ಆಯಿತು. ಉಮ್ಮ ಮಾತ್ರ ಬೈಯಲಿಲ್ಲ. ರಾತ್ರಿ ಅಡುಗೆಕೋಣೆಯಲ್ಲಿ ನಮ್ಮನ್ನೊಬ್ಬರನ್ನೇ ಕೂರಿಸಿಕೊಂಡು ಐದು ಸಾಲು ಓದಿಸುತ್ತಿದ್ದರು. ನಿನ್ನೆ ತಪ್ಪಿದ ಅಕ್ಷರ ಇಂದು ಸರಿಯಾದರೆ ಅದನ್ನು ಗುರುತಿಸಿ ಹೇಳುತ್ತಿದ್ದರು. ಆಗ ತಮ್ಮನ ಹೆಸರನ್ನು ಅವರು ಎತ್ತುತ್ತಲೇ ಇರಲಿಲ್ಲ. ಹೊಟ್ಟೆನೋವು ಯಾವಾಗ ನಿಂತಿತೆಂಬುದು ನಮಗೇ ತಿಳಿಯಲಿಲ್ಲ.

ಎಲ್ಲ ಮಕ್ಕಳೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಭಾರತವೂ ಸೇರಿದಂತೆ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ಗಮನಿಸಿ ವಿಶ್ವ ಆರೋಗ್ಯ ಸಂಸ್ಥೆಯು 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮಗು ಆಸರೆಯಿಲ್ಲದೆ ನಡೆಯಲಾರಂಭಿಸುವ ಸಹಜ ಅವಧಿಯು ಸುಮಾರು 8 ತಿಂಗಳಿನಿಂದ 17 ತಿಂಗಳು ದಾಟುವವರೆಗೂ ಇದೆ. 10 ತಿಂಗಳಿಗೆ ನಡೆದ ತಂಗಿಯೂ 16 ತಿಂಗಳಿಗೆ ನಡೆದ ಅಣ್ಣನೂ ಸಹಜವಾಗಿಯೇ ಬೆಳೆಯುತ್ತಿರುವ ಮಕ್ಕಳು. ಅಲ್ಲದೆ, ನೋಡಿ ಕಲಿಯಲು ತಂಗಿಗೆ ಮನೆಯಲ್ಲಿ ಅಣ್ಣನಿದ್ದಾನೆ. ಮೊದಲು ಹುಟ್ಟಿದವನಿಗೆ ಆ ಅನುಕೂಲವಿರಲಿಲ್ಲ.

ಹಾಗೆಂದು ಎಲ್ಲವನ್ನೂ ಸ್ವಭಾವವೆಂದು ಕಡೆಗಣಿಸುವುದೂ ಅನ್ಯಾಯವೇ. 18 ತಿಂಗಳಾದರೂ ನಡೆಯದ, 2 ವರ್ಷವಾದರೂ ಎರಡು ಪದ ಜೋಡಿಸಿ ಮಾತನಾಡದ, ಕಲಿತದ್ದನ್ನು ಕಳೆದುಕೊಳ್ಳುತ್ತಿರುವ ಮಗುವನ್ನು ತಡಮಾಡದೆ ವೈದ್ಯರಿಗೆ ತೋರಿಸಬೇಕು. ಮಾತಿನಲ್ಲಿ ಚುರುಕಾಗಿದ್ದೂ ಓದುಬರಹದಲ್ಲಿ ಸದಾ ಎಡವುವ ಮಗುವಿಗೆ ಕಲಿಕಾ ನ್ಯೂನತೆ ಇರಬಹುದು. ಅದು ಸೋಮಾರಿತನವಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಅದನ್ನು ಅಂಗೀಕರಿಸಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಹಾಗೂ ಸರಕಾರಿ ಶಾಲೆಗಳಲ್ಲಿ ಮಕ್ಕಳ ತಪಾಸಣೆಗೆ ಅವಕಾಶವಿದೆ. ಮಗುವನ್ನು ಅದರ ವಯಸ್ಸಿನೊಂದಿಗೆ ಹೋಲಿಸಿದರೆ ಚಿಕಿತ್ಸೆಯ ದಾರಿ ಕಾಣುತ್ತದೆ. ತಂಗಿಯೊಂದಿಗೆ ಹೋಲಿಸಿದರೆ ಸಿಗುವುದು ಅವಮಾನ ಮಾತ್ರ. ಜನರೇನೆನ್ನುವರೋ ಎಂದು ಮುಚ್ಚಿಡಬೇಡಿ.

ಒಬ್ಬ ಮಗನಿಗೆ ಮಾತ್ರ ಉಡುಗೊರೆಯಿತ್ತ ತಂದೆಯೊಬ್ಬರು ಅದಕ್ಕೆ ಸಾಕ್ಷಿಯಾಗುವಂತೆ ಪ್ರವಾದಿ(ಸ)ರನ್ನು ಕೋರಿದರು. ಉಳಿದ ಮಕ್ಕಳಿಗೂ ಹಾಗೆಯೇ ನೀಡಿರುವಿರಾ ಎಂದು ಪ್ರವಾದಿ(ಸ) ವಿಚಾರಿಸಿದರು. ಇಲ್ಲವೆಂದಾಗ ಸಾಕ್ಷಿಯಾಗಲು ಒಪ್ಪಲಿಲ್ಲ. ಈ ಘಟನೆಯನ್ನು ನಾವೆಲ್ಲ ಆಸ್ತಿ ಪಾಲಿನ ಸಂದರ್ಭದಲ್ಲಿ ನೆನೆಯುತ್ತೇವೆ. ಆದರೆ ಹೊಗಳಿಕೆಯೂ ಉಡುಗೊರೆಯಲ್ಲವೇ? ಮಡಿಲು, ಮುಗುಳ್ನಗು, ಹೆತ್ತವರ ಸಮಯ ಇವೆಲ್ಲವೂ ಉಡುಗೊರೆಗಳೇ ಅಲ್ಲವೇ?

ಆದ್ದರಿಂದ ಚಿಕ್ಕವಳ ಓಟವನ್ನು ತಡೆಯಬೇಡಿ. ಅವಳನ್ನು ಅಣ್ಣನ ಮೇಲೆ ಮೇಷ್ಟ್ರಾಗಿಸಲೂ ಬೇಡಿ. ಅವಳ ಯಶಸ್ಸನ್ನು ಅವಳ ಹೆಸರಿನಲ್ಲೇ ಹೊಗಳಿ, ಅಣ್ಣನನ್ನು ಅದರೊಳಗೆ ಎಳೆಯಬೇಡಿ. ನೆಂಟರು ಹೋಲಿಕೆ ಆರಂಭಿಸಿದರೆ ಅಲ್ಲಿಯೇ ಮಾತು ಬದಲಿಸಿ. ದಿನಕ್ಕೆ ಹತ್ತು ನಿಮಿಷವಾದರೂ ದೊಡ್ಡವನೊಂದಿಗೆ ಪ್ರತ್ಯೇಕವಾಗಿ ಕುಳಿತುಕೊಳ್ಳಿ. ಅವನು ನಿನ್ನೆಗಿಂತ ಇಂದು ಎಷ್ಟು ಮುಂದೆ ಬಂದಿದ್ದಾನೆಂದು ನೋಡಿ, ಅದನ್ನು ಅವನಿಗೆ ಹೇಳಿ.

ನಾಳೆ ನಾವಿಲ್ಲದ ದಿನ ಇವರಿಬ್ಬರೇ ಪರಸ್ಪರರಿಗೆ ಆಸರೆ. ಆ ಸಂಬಂಧವನ್ನು ನಮ್ಮ ನಾಲಿಗೆಯಿಂದಲೇ ಕಡಿಯದಿರೋಣ.